ಕಾರ್ಖಾನೆಗಳ ಸೀಮೆಯಲ್ಲಿ ಕೆಲಸಗಾರನ ಮಾತು

ತುಮಕೂರು ಸೀಮೆಗೆ ದೊಡ್ಡ ಕೈಗಾರಿಕೆಗಳು ಬರಬೇಕೆಂದು ಸಭೆಗಳಲ್ಲಿ ನಿರ್ಣಯಗಳನ್ನು ಮಾಡಿ, ಮಂತ್ರಿಗಳಿಗೆ ಮನವಿಗಳನ್ನು ಒಪ್ಪಿಸಿ, ಬಹುಕಾಲ ಕೂಗಿಕೊಂಡವರಲ್ಲಿ ನಾವೂ ಸೇರಿದ್ದೇವೆ. ಆ ಕೂಗು ವ್ಯರ್ಥವಾಗಲಿಲ್ಲವೆಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳತಕ್ಕದ್ದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ನೆಲದ ಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 2016ರ ಜನವರಿಯಲ್ಲಿ ಶಂಕುಸ್ಥಾಪನೆಗೊಂಡು 2023ರ ಫೆಬ್ರವರಿ 6ರಂದು ಪ್ರಾರಂಭೋತ್ಸವವನ್ನು ಕಂಡಿತು. ಶಿರಾ ಮಾರ್ಗದ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಆಹಾರ ಪಾರ್ಕು ತೆರೆಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರಿಗೆ ಸ್ಥಾನ ದೊರೆಯಿತು. ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದಲ್ಲಿಯೂ ಕೈಗಾರಿಕಾ ಪ್ರದೇಶವಿದೆ. ಹಿಂದೆ ರಾಗಿಯ ಹೊಲ, ತೆಂಗಿನ ತೋಟಗಳ ನಡುವೆ ಎತ್ತಿನ ಗಾಡಿಗಳು ಹೋಗುತ್ತಿದ್ದ ದಾರಿಗಳಲ್ಲಿ ಈಗ ಹೊತ್ತುಮೂಡುವುದಕ್ಕೆ ಮುಂಚೆಯೇ ಕಾರ್ಖಾನೆಯ ಬಸ್ಸುಗಳು ಹಳ್ಳಿಯ ಹುಡುಗ ಹುಡುಗಿಯರನ್ನು ತುಂಬಿಕೊಂಡು ಓಡುತ್ತವೆ.

ಈ ಕಾರ್ಖಾನೆಗಳ ವಿಚಾರವಾಗಿ ನಡೆಯುವ ಸಭೆಗಳಲ್ಲಿ ನೀರಿನ ಪ್ರಶ್ನೆ ಬರುತ್ತದೆ. ವಿದ್ಯುಚ್ಛಕ್ತಿಯ ಪ್ರಶ್ನೆ ಬರುತ್ತದೆ. ಭೂಮಿಯ ಪರಿಹಾರದ ಪ್ರಶ್ನೆಯಂತೂ ಬಂದೇ ಬರುತ್ತದೆ. ಆದರೆ ಇವುಗಳೊಳಗೆ ದುಡಿಯುವ ಹುಡುಗನಿಗಾಗಲಿ ಹೆಂಗಸಿಗಾಗಲಿ ಒಂದು ಮಾತು ಹೇಳಬೇಕಾದಾಗ ಅದನ್ನು ಯಾರೊಡನೆ ಹೇಳಬೇಕು, ಹೇಳಿದ ಮೇಲೆ ಮಾರನೆಯ ದಿನ ಗೇಟಿನೊಳಕ್ಕೆ ಬಿಡುತ್ತಾರೆಯೇ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದ್ದನ್ನು ನಾವು ಕೇಳಲಿಲ್ಲ. 2025ರ ನವೆಂಬರ್ 21ರಿಂದ ಕೇಂದ್ರ ಸರಕಾರವು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿರುವುದರಿಂದ ಈ ಪ್ರಶ್ನೆಯನ್ನು ಇನ್ನು ಮುಂದಕ್ಕೆ ತಳ್ಳುವುದು ಸರಿಯಲ್ಲ.

ಉಪದೇಶಕ್ಕೆ ಮುಂಚೆ ತಪ್ಪೊಪ್ಪಿಗೆಯು ನ್ಯಾಯ. ಪತ್ರಿಕೆಯ ಯಜಮಾನನೂ ಒಬ್ಬ ಯಜಮಾನನೇ. ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣ ವಿಭಾಗದ ಏಳು ಮಂದಿ ಒಂದು ಅರ್ಜಿಗೆ ರುಜು ಹಾಕಿ ನಮ್ಮ ಮೇಜಿನ ಮೇಲೆ ಇಟ್ಟುಹೋದರು. ಸಂಬಳದ ತಾರೀಖು ತಿಂಗಳು ತಿಂಗಳಿಗೆ ಹಿಂದಕ್ಕೆ ಜಾರುತ್ತಿದೆ, ವಿಶೇಷಾಂಕದ ರಾತ್ರಿಗಳ ಹೆಚ್ಚಿನ ಕೆಲಸಕ್ಕೆ ಲೆಕ್ಕವಿಲ್ಲ, ಯಂತ್ರದ ಕೋಣೆಯಲ್ಲಿ ಗಾಳಿಯಾಡುವುದಿಲ್ಲ ಎಂದು ಅದರಲ್ಲಿತ್ತು. ಮೂರೂ ನಿಜವಾಗಿದ್ದುವು. ಆದರೂ ನಮಗೆ ಕೋಪ ಬಂತು. ಇಷ್ಟು ವರ್ಷ ಮನೆಯವರಂತೆ ನೋಡಿಕೊಂಡೆವಲ್ಲ, ಬಾಯಲ್ಲಿ ಹೇಳಬಾರದಾಗಿತ್ತೆ, ಕಾಗದವೇಕೆ, ಏಳು ರುಜುವೇಕೆ ಎಂದುಕೊಂಡು ಒಬ್ಬೊಬ್ಬನನ್ನೇ ಒಳಗೆ ಕರೆಸಿ ಕೇಳಿದೆವು. ಒಬ್ಬೊಬ್ಬನೂ ತಲೆ ತಗ್ಗಿಸಿ, "ಏನೂ ಇಲ್ಲ ಸ್ವಾಮೀ, ಎಲ್ಲರೂ ಹಾಕಿದರು, ನಾನೂ ಹಾಕಿದೆ" ಎಂದನು. ನಾವು ಗೆದ್ದೆವೆಂದು ಭಾವಿಸಿ ಅರ್ಜಿಯನ್ನು ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದೆವು. ಎರಡು ತಿಂಗಳೊಳಗೆ ಯಂತ್ರವನ್ನು ಚೆನ್ನಾಗಿ ಬಲ್ಲ ಇಬ್ಬರು ಹೇಳದೆ ಕೇಳದೆ ಬೆಂಗಳೂರಿಗೆ ಹೊರಟುಹೋದರು. ಏಳು ಜನ ಒಟ್ಟಾಗಿ ನಿಂತಾಗ ಹೊರಟಿದ್ದ ನಿಜವಾದ ಮಾತು ಒಬ್ಬೊಬ್ಬನನ್ನೇ ಕರೆದಾಗ ಗಂಟಲಲ್ಲಿಯೇ ಉಳಿಯಿತೆಂಬುದು ನಮಗೆ ಆಮೇಲೆ ತಿಳಿಯಿತು. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದನೆಂಬ ಗಾದೆಯೇನೋ ಇದೆ; ಸಂಬಳ ಕೊಡುವವನ ಎದುರಿಗೆ ಒಂಟಿಯಾಗಿ ನಿಂತವನಿಗೆ ಬಾಯಿ ಎಲ್ಲಿಂದ ಬಂದೀತು?

ಸಂಘ ಕಟ್ಟುವುದು ಪರದೇಶದಿಂದ ಬಂದ ರೋಗವೆಂದು ನಮ್ಮ ವರ್ತಕಮಿತ್ರರಲ್ಲಿ ಕೆಲವರು ಹೇಳುವುದುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣವನ್ನು ಅವರು ನೋಡಬೇಕು. ಅಲ್ಲಿ ಗುಂಪಾಗಿ ಕೆಲಸವನ್ನೊಪ್ಪಿಕೊಳ್ಳುವ ಸಂಘಭೃತರ ಮಾತು ಬರುತ್ತದೆ; ಒಪ್ಪಿದ ಅವಧಿಯು ಮುಗಿದ ಮೇಲೆಯೂ ಅವರಿಗೆ ಏಳು ರಾತ್ರಿಗಳ ಹೆಚ್ಚಿನ ವಾಯಿದೆ ಉಂಟು. ಕೂಲಿಯವರು ಕೂಡಿ ಮಾತನಾಡುತ್ತಾರೆಂಬುದನ್ನು ಆ ಕಠೋರ ರಾಜನೀತಿಜ್ಞನೇ ಸಹಜವೆಂದು ತಿಳಿದು ನಿಯಮ ಮಾಡಿದನು. ಇನ್ನು ವರ್ತಕರ ಸಂಗತಿ. ಅಯ್ಯಾವೊಳೆಯ ಐನೂರ್ವರ ಕಾಲದಿಂದ ಕನ್ನಡನಾಡಿನ ವ್ಯಾಪಾರಿಗಳು ಸಂಘವಿಲ್ಲದೆ ಬದುಕಿದವರಲ್ಲ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು ಗುಬ್ಬಿಯ ಸಂತೆಯನ್ನೂ ಅಲ್ಲಿಯ ಅಡಕೆ ವ್ಯಾಪಾರವನ್ನೂ ಕಂಡು ಬರೆದಿಟ್ಟಿದ್ದಾನೆ. ಮಂಡಿಯವರು ಕೂಡಿ ದರ ಗೊತ್ತುಮಾಡಿದರೆ ಅದು ವ್ಯವಹಾರ. ಮೂಟೆ ಹೊರುವ ಹಮಾಲಿಗಳು ಕೂಡಿ ಮೂಟೆಗಿಷ್ಟೆಂದು ಕೇಳಿದರೆ ಅದು ಗಲಾಟೆ! ಹಾಗಿದ್ದರೂ ಮಂಡಿಗಳಲ್ಲಿ ಹಮಾಲಿಯ ದರವು ಕೂತು ಮಾತಾಡಿ ತೀರ್ಮಾನವಾಗುವ ರೂಢಿಯು ಹಳೆಯದು. ಸಾಮೂಹಿಕ ಚೌಕಾಶಿಯೆಂದು ಈಗ ದೊಡ್ಡ ಹೆಸರಿನಿಂದ ಕರೆಯುವ ಕ್ರಿಯೆಯು ಇದೇ.

ಸರಕಾರಿ ನೌಕರರಾದ ವಾಚಕರೂ ಕೊಂಚ ನೆನೆಯಬೇಕಾದುದಿದೆ. ತಮಿಳುನಾಡಿನ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಸರಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಹೇಳಿತು. ಆದರೂ 2023ರ ಮಾರ್ಚ್ 1ರಂದು ರಾಜ್ಯದ ಸರಕಾರಿ ನೌಕರರ ಸಂಘವು ಕಚೇರಿಗಳನ್ನು ಬಿಟ್ಟು ಹೊರಗೆ ನಿಂತಿತು. ಅದೇ ದಿನ ಶೇಕಡ 17ರ ಮಧ್ಯಂತರ ಪರಿಹಾರದ ಆಜ್ಞೆಯು ಹೊರಟಿತು. ಅದನ್ನು ನಾವು ಆಕ್ಷೇಪಿಸುತ್ತಿಲ್ಲ. ಆ ದಿನ ಸಂಘದ ಬಲವನ್ನು ಕಂಡವರು ಅಂತರಸನಹಳ್ಳಿಯ ಒಬ್ಬ ಗುತ್ತಿಗೆ ಕೆಲಸಗಾರನು ಅರ್ಜಿ ಹಿಡಿದು ಕಚೇರಿಯ ಮೆಟ್ಟಲು ಹತ್ತಿದಾಗ ಅವನನ್ನು ಉಪದ್ರವಿಯೆಂದು ನೋಡದಿದ್ದರೆ ಸಾಕು.

ಈ ಹಕ್ಕು ಹೇಗೆ ಬಂತೆಂಬುದರ ಕಥೆಯು ನಮಗೆ ದೂರದ್ದಲ್ಲ. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರಿಗೆ ಮಧ್ಯಾಹ್ನದ ಊಟಕ್ಕೆ ತಕ್ಕಷ್ಟು ಬಿಡುವು ಇರಲಿಲ್ಲ. ಆ ಗೋಳನ್ನು ಹೊರಕ್ಕೆ ತಂದವರು ಗಿರಣಿಯ ಬಳಿ ಅಂಗಡಿ ಇಟ್ಟಿದ್ದ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಎಂಬಿಬ್ಬರು. ಅವರ ಮೊರೆಯನ್ನು ಕೇಳಿ 1918ರ ಏಪ್ರಿಲ್ 27ರಂದು ಮದರಾಸ್ ಕಾರ್ಮಿಕ ಸಂಘವನ್ನು ಸ್ಥಾಪಿಸಿದವರು ಬಿ. ಪಿ. ವಾಡಿಯಾ, ಅವರೂ ಪತ್ರಿಕೆಯ ಕೆಲಸದವರೇ. ಬಿನ್ನಿ ಕಂಪೆನಿಯವರು ಅವರ ಮೇಲೆ ದಾವೆ ಹೂಡಿ ಹೈಕೋರ್ಟಿನಿಂದ ನಿರ್ಬಂಧಕಾಜ್ಞೆಯನ್ನು ತಂದರು. ಕೆಲಸಗಾರರನ್ನು ಕೂಡಿಸಿ ಮಾತನಾಡಿದ್ದೇ ನಷ್ಟ ತುಂಬಿಕೊಡತಕ್ಕ ಅಪರಾಧವಾಗಿ ಹೋಯಿತು! ಈ ಅನ್ಯಾಯದಿಂದ ಎಚ್ಚೆತ್ತ ಎನ್. ಎಂ. ಜೋಶಿಯವರು ಶಾಸನಸಭೆಯಲ್ಲಿ ಪಟ್ಟುಹಿಡಿದುದರ ಫಲವಾಗಿ 1926ರ ಕಾರ್ಮಿಕ ಸಂಘಗಳ ಕಾನೂನು ಬಂತು. ಏಳು ಮಂದಿ ಸೇರಿದರೆ ನೋಂದಣಿಗೆ ಅರ್ಜಿ ಹಾಕಬಹುದೆಂದು ಅದು ವಿಧಿಸಿತು. ಅದೇ 1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಮಹಾತ್ಮರು ಶೇಕಡ 35ರ ಹೆಚ್ಚಳಕ್ಕಾಗಿ ಉಪವಾಸ ಕೂತರು. ಯಜಮಾನರ ಮುಂದಾಳಾದ ಅಂಬಾಲಾಲ್ ಸಾರಾಭಾಯಿಯವರ ಸೋದರಿ ಅನಸೂಯಾಬೆನ್ ಕೆಲಸಗಾರರ ಪಕ್ಷದಲ್ಲಿದ್ದರು. ವಿವಾದವು ಪಂಚಾಯತಿಗೆ ಹೋಗಿ ಕೊನೆಗೆ 35ರ ತೀರ್ಪೇ ಆಯಿತು.

ಮೈಸೂರು ಸಂಸ್ಥಾನದಲ್ಲಿಯೂ ಸಂಗತಿಯು ಸುಲಭವಾಗಿರಲಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರು ಬೆರಳಚ್ಚು ಒತ್ತಿಸಿಕೊಳ್ಳುವ ನೋಂದಣಿಯನ್ನು ಒಪ್ಪದೆ ಕೆಲಸ ನಿಲ್ಲಿಸಿದರು. ನಾವೇನು ಕಳ್ಳರೇ ಎಂಬುದು ಅವರ ಪ್ರಶ್ನೆಯಾಗಿತ್ತು. 1946ರ ನವೆಂಬರಿನಲ್ಲಿ ಅದೇ ಗಣಿಗಳಲ್ಲಿ ಪೋಲೀಸರ ಗುಂಡಿಗೆ ಕೆಲಸಗಾರರು ಬಲಿಯಾದರು. 1947ರಲ್ಲಿ ಜವಾಬ್ದಾರಿ ಸರಕಾರ ಬಂದಾಗ ಕಾರ್ಮಿಕ ಖಾತೆಯು ಕಾರ್ಮಿಕ ಸಂಘಗಳಲ್ಲಿ ದುಡಿದಿದ್ದ ಕೆ. ಟಿ. ಭಾಷ್ಯಂ ಅವರ ಕೈಗೆ ಬಂತು. ನೂರು ಜನರಿರುವ ಕಾರ್ಖಾನೆಯಲ್ಲಿ ಯಜಮಾನರೂ ಕೆಲಸಗಾರರೂ ಕೂಡಿ ಕೂರುವ ಕಾರ್ಯಸಮಿತಿಯನ್ನು ಅದೇ ವರ್ಷದ ಕೈಗಾರಿಕಾ ವಿವಾದಗಳ ಕಾನೂನು ಏರ್ಪಡಿಸಿತ್ತೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಇದರ ಮಾತು ಮುಂದೆ ಬರುತ್ತದೆ.

ಈಗ ತುಮಕೂರಿನ ಮಾತಿಗೆ ಬರೋಣ. ಸಂಘವೆಂದೊಡನೆ ನಮ್ಮ ಊರಿನ ಸಭ್ಯಗೃಹಸ್ಥರು ತಕ್ಷಣ ಎತ್ತುವ ಹೆಸರು ಗಡಿಯಾರದ ಕಾರ್ಖಾನೆಯದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರಗಳು ತಯಾರಾಗತೊಡಗಿದುವು. 1970ರ ದಶಕದ ಕೊನೆಯಲ್ಲಿ ತುಮಕೂರಿಗೂ ಒಂದು ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನ ಮಣಿಕಟ್ಟಿಗೆ ಎಚ್‌ಎಂಟಿ ಕಟ್ಟದಿದ್ದರೆ ಮಾವನಿಗೆ ಮರ್ಯಾದೆಯಿಲ್ಲದ ಕಾಲವದು. ಆ ಕಾರ್ಖಾನೆಯ ಸಂಬಳದಿಂದ ನಮ್ಮ ಊರಿನಲ್ಲಿ ಎಷ್ಟು ಮನೆಗಳೆದ್ದುವು, ಎಷ್ಟು ಮಕ್ಕಳು ಓದಿದರು ಎಂಬುದನ್ನು ಹಳಬರು ಬಲ್ಲರು. ಈಗ ಅದಿಲ್ಲ. 2016ರ ಜನವರಿ 6ರಂದು ಕೇಂದ್ರ ಸಂಪುಟವು ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಇಲ್ಲಿಯ ನೆಲವು ಮುಂದೆ ಇಸ್ರೋ ಸಂಸ್ಥೆಗೆ ಹೋಯಿತು.

"ಯೂನಿಯನ್ನಿನವರೇ ಮುಚ್ಚಿಸಿದರು" ಎಂದು ಕಾಫಿಯ ಹೋಟೆಲಿನಲ್ಲಿ ಕೂತು ತೀರ್ಪು ಕೊಡುವವರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮಹಾಮುಷ್ಕರವನ್ನು ಅವರು ಎತ್ತಿ ತೋರಿಸುತ್ತಾರೆ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ನೌಕರರು ತಮಗೂ ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಬೇಕೆಂದು ಹೂಡಿದ ಆ ಮುಷ್ಕರವು ಬಹುಮಟ್ಟಿಗೆ ಸೋತಿತೆಂಬುದು ನಿಜ. ಸಂಬಳವಿಲ್ಲದ ಆ ದಿನಗಳಲ್ಲಿ ಹೆಂಡತಿಯ ಒಡವೆ ಅಡವಿಟ್ಟವರು ಎಷ್ಟೋ ಮಂದಿ. ಆದರೆ ಗಡಿಯಾರ ಕಾರ್ಖಾನೆಯನ್ನು ಕೆಡವಿದ್ದು ಅದಲ್ಲ. ಟಾಟಾ ಸಂಸ್ಥೆಯೂ ತಮಿಳುನಾಡು ಸರಕಾರದ ನಿಗಮವೂ ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟನ್ ಕಂಪೆನಿಯು ಹೊಸೂರಿನಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ಪೇಟೆಗೆ ಸುರಿಯುತ್ತಿದ್ದಾಗ, ಕೀಲಿ ಕೊಡುವ ಗಡಿಯಾರವನ್ನೇ ಹೆಚ್ಚಾಗಿ ನೆಚ್ಚಿಕೊಂಡಿರೋಣವೆಂಬ ನಿರ್ಧಾರವನ್ನು ತುಮಕೂರಿನ ಜೋಡಣೆ ಮೇಜಿನ ಮುಂದೆ ಕೂತ ಹೆಂಗಸು ಮಾಡಲಿಲ್ಲ. ಅವಳನ್ನು ಯಾರೂ ಕೇಳಲೇ ಇಲ್ಲ. ಕಾರ್ಖಾನೆಯ ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ರಾಜ್ಯವು ಮಾಡತಕ್ಕದ್ದೆಂದು 1976ರ ತಿದ್ದುಪಡಿಯಿಂದ ಸಂವಿಧಾನದ 43ಎ ವಿಧಿಯು ಹೇಳುತ್ತಿದೆ. ಆ ವಿಧಿಯು ನಿಜವಾಗಿ ಪ್ರಯೋಗವಾಗಬೇಕಾಗಿದ್ದ ಸ್ಥಳವೆಂದರೆ ಇಂಥ ಸರಕಾರಿ ಕಾರ್ಖಾನೆಯೇ.

ಇನ್ನೊಂದನ್ನೂ ಗಮನಿಸಬೇಕು. ಮುಚ್ಚಿದ ಮೇಲೆ ಆ ನೌಕರರಿಗೆ 2007ರ ವೇತನಶ್ರೇಣಿಯ ಲೆಕ್ಕದಲ್ಲಿ ಸ್ವಯಂನಿವೃತ್ತಿಯ ಹಣವನ್ನು ಕೊಡಲು ಸಂಪುಟವು ಒಪ್ಪಿತು. ಕೊಟ್ಟದ್ದು ಸಾಲದೆಂದವರು ಇರಬಹುದು. ಆದರೆ ಪುಸ್ತಕದಲ್ಲಿ ಹೆಸರಿತ್ತು, ಸೇವೆಯ ವರ್ಷಗಳಿದ್ದುವು, ಕೇಳುವುದಕ್ಕೆ ಸಂಘವಿತ್ತು. ಇಂದು ಗುತ್ತಿಗೆದಾರನ ಹಾಜರಿ ಪಟ್ಟಿಯಲ್ಲಿ ಹನ್ನೊಂದು ತಿಂಗಳು ಇದ್ದು, ಹನ್ನೆರಡನೆಯದರಲ್ಲಿ ಇಲ್ಲವಾಗುವ ಹುಡುಗನಿಗೆ ಯಾವ ಸಂಪುಟವು ಸಭೆ ಸೇರೀತು?

ಸಂಘವಿಲ್ಲದ ಕಾರ್ಖಾನೆಯು ಶಾಂತವಾಗಿರುತ್ತದೆಂದು ನಂಬುವವರು ಕೋಲಾರ ಜಿಲ್ಲೆಯ ನರಸಾಪುರವನ್ನು ನೆನೆಯಲಿ. ಅಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಂಖ್ಯೆಯು ಕೆಲವೇ ತಿಂಗಳುಗಳಲ್ಲಿ ಐದು ಸಾವಿರದಿಂದ ಹತ್ತು ಸಾವಿರವನ್ನು ಮೀರಿತು. ಬಹುಪಾಲು ಜನ ಗುತ್ತಿಗೆಯವರು. ಹನ್ನೆರಡು ಗಂಟೆಯ ಪಾಳಿ, ಕೆಟ್ಟ ಹಾಜರಿ ವ್ಯವಸ್ಥೆ, ಕಡಮೆ ಬಂದ ಸಂಬಳ. ಹೇಳಿಕೊಳ್ಳುವ ದಾರಿ ಕಾಣದೆ 2020ರ ಡಿಸೆಂಬರ್ 12ರ ಬೆಳಗ್ಗೆ ಅವರು ಗಾಜುಗಳನ್ನು ಒಡೆದರು, ವಾಹನಗಳನ್ನು ಕೆಡವಿದರು. ಅದು ತಪ್ಪು, ತಪ್ಪೆಂದೇ ನಾವು ಹೇಳುತ್ತೇವೆ. ನೂರಾರು ಹುಡುಗರು ಸೆರೆಮನೆಯ ಬಾಗಿಲು ಕಂಡರು. ಆದರೆ ಸಂಬಳ ಕೊಡುವುದರಲ್ಲಿ ಲೋಪವಾಗಿತ್ತೆಂದು ಕಂಪೆನಿಯೇ ಆಮೇಲೆ ಕ್ಷಮೆ ಬೇಡಿ ಒಬ್ಬ ಹಿರಿಯ ಅಧಿಕಾರಿಯನ್ನು ತೆಗೆಯಿತು. ಆಪಲ್ ಕಂಪೆನಿಯು ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಹತ್ತು ಮಂದಿ ಪ್ರತಿನಿಧಿಗಳು ಒಂದು ಮೇಜಿನ ಸುತ್ತ ಕೂತಿದ್ದರೆ ಒಂದು ಮಧ್ಯಾಹ್ನದಲ್ಲಿ ತೀರುತ್ತಿದ್ದ ಲೆಕ್ಕವದು.

ಅದಕ್ಕೂ ನಾಲ್ಕು ವರ್ಷ ಹಿಂದೆ, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಂಗಸರು ಹೊಸೂರು ರಸ್ತೆಯನ್ನೂ ನಮ್ಮ ತುಮಕೂರು ರಸ್ತೆಯನ್ನೂ ತುಂಬಿ ನಿಂತರು. ಭವಿಷ್ಯನಿಧಿಯಲ್ಲಿ ಯಜಮಾನರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯಕೂಡದೆಂಬ ನಿಯಮವು ಅವರ ಸಿಟ್ಟಿಗೆ ಕಾರಣ. ಹೊಲಿಗೆಯ ಯಂತ್ರದ ಮುಂದೆ ನಲವತ್ತು ದಾಟುವುದೇ ಕಷ್ಟವಾಗಿರುವಾಗ 58ರ ಮಾತನ್ನು ದೆಹಲಿಯಲ್ಲಿ ಯಾರು ಬರೆದರೋ! ಎರಡನೆಯ ದಿನ ಸರಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನ ಬಸ್ಸು ಸಿಕ್ಕದೆ ಗೊಣಗಿದ ನಮ್ಮಂಥವರ ಭವಿಷ್ಯನಿಧಿಯೂ ಅವರಿಂದಲೇ ಉಳಿಯಿತೆಂಬುದನ್ನು ಎಷ್ಟು ಮಂದಿ ಬಲ್ಲರು? ಆದರೆ ರಸ್ತೆ ತಡೆದರೆ ಮಾತ್ರ ಕಿವಿ ತೆರೆಯುವ ರಾಜ್ಯವ್ಯವಸ್ಥೆಯು ಪ್ರಜೆಗೆ ಒಳ್ಳೆಯ ಪಾಠವನ್ನು ಕಲಿಸುವುದಿಲ್ಲ.

ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಈ ದೃಷ್ಟಿಯಿಂದ ನೋಡೋಣ. ಅದರಲ್ಲಿ ಒಳ್ಳೆಯದಿಲ್ಲವೆಂದು ಹೇಳಲಾರೆವು. ಯಾವ ಸಂಘದೊಡನೆ ಮಾತನಾಡಬೇಕೆಂಬ ವಿಚಾರದಲ್ಲಿ ಯಜಮಾನನು ತನಗೆ ಬೇಕಾದವರನ್ನು ಆರಿಸಿಕೊಳ್ಳುವ ಆಟಕ್ಕೆ ಅದು ಕಡಿವಾಣ ಹಾಕಿದೆ: ಹಲವು ಸಂಘಗಳಿರುವಲ್ಲಿ ಹಾಜರಿ ಪುಸ್ತಕದ ಶೇಕಡ 51 ಕೆಲಸಗಾರರ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ, ಅಷ್ಟು ಯಾರಿಗೂ ಇಲ್ಲದಿದ್ದರೆ ಶೇಕಡ 20ರ ಬೆಂಬಲವುಳ್ಳ ಸಂಘಗಳು ಕೂಡಿದ ಪರಿಷತ್ತು. 1926ರ ಕಾನೂನಿನಲ್ಲಿ ಸಂಘವನ್ನು ನೋಂದಾಯಿಸುವ ವಿಧಿಯಿತ್ತೇ ಹೊರತು ಯಜಮಾನನು ಅದರೊಡನೆ ಮಾತನಾಡಲೇಬೇಕೆಂಬ ವಿಧಿ ಇರಲಿಲ್ಲ. ಇದು ದೊಡ್ಡ ಕೊರತೆಯಾಗಿತ್ತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯು ಭಾರವಾಗಿದೆ. ಹಿಂದೆ ಸಾರ್ವಜನಿಕ ಉಪಯೋಗದ ಸೇವೆಗಳಿಗೆ ಮಾತ್ರ ಬೇಕಾಗಿದ್ದ ಮುಷ್ಕರದ ಮುನ್ಸೂಚನೆಯು ಈಗ ಎಲ್ಲ ಕಾರ್ಖಾನೆಗಳಿಗೂ ಬೇಕು. ಹದಿನಾಲ್ಕು ದಿನ ಕಾಯಬೇಕು. ಅಷ್ಟರಲ್ಲಿ ಸಂಧಾನ ಆರಂಭವಾದರೆ ಮುಷ್ಕರವು ನಿಷಿದ್ಧ. ಅರ್ಧದಷ್ಟು ಜನ ಒಟ್ಟಿಗೆ ಆಕಸ್ಮಿಕ ರಜೆ ಹಾಕಿದರೂ ಮುಷ್ಕರವೇ. ಕೆಲಸದ ನಿಯಮಾವಳಿಯನ್ನು ಪ್ರಮಾಣೀಕರಿಸಬೇಕಾದ ಕಡ್ಡಾಯವೂ, ಕೆಲಸದಿಂದ ತೆಗೆಯುವುದಕ್ಕೂ ಕಾರ್ಖಾನೆ ಮುಚ್ಚುವುದಕ್ಕೂ ಸರಕಾರದ ಅನುಮತಿ ಬೇಕೆಂಬ ಕಡ್ಡಾಯವೂ ಈಗ 300 ಜನರಿರುವಲ್ಲಿಂದ ಆರಂಭ. ಅನುಮತಿಯ ಮಿತಿ ಹಿಂದೆ 100 ಆಗಿತ್ತು. ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳು ಸಂಹಿತೆಗಳನ್ನು ವಿರೋಧಿಸುತ್ತಿರುವುದು ಸುಮ್ಮನೆ ಅಲ್ಲ. ಇನ್ನು ಆ 51ರ ಲೆಕ್ಕವಿದೆಯಲ್ಲ, ಅದು ಕಾರ್ಖಾನೆಯ ಹಾಜರಿ ಪುಸ್ತಕದ ಲೆಕ್ಕ. ಗುತ್ತಿಗೆಯವನ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ಒಂದೇ ಯಂತ್ರದ ಎಡಕ್ಕೆ ನಿಂತವನಿಗೆ ಮತವುಂಟು, ಬಲಕ್ಕೆ ನಿಂತವನಿಗೆ ಇಲ್ಲ. ಗುತ್ತಿಗೆಯವರೇ ಹೆಚ್ಚಾಗಿರುವ ಹೊಸ ಕಾರ್ಖಾನೆಗಳಲ್ಲಿ ಈ ಮಾತುಕತೆಯ ಸಂಘವು ಯಾರ ಪರವಾಗಿ ಮಾತನಾಡುವುದು?

ಸಂಘಗಳ ದೋಷವನ್ನು ನಾವು ಮುಚ್ಚಿಡುವುದಿಲ್ಲ. ಪಕ್ಷಕ್ಕೊಂದು ಸಂಘ, ಮುಖಂಡನಿಗೊಂದು ಸಂಘವಾಗಿ ಒಡೆದದ್ದು ಯಜಮಾನರಿಗಿಂತ ಕೆಲಸಗಾರರಿಗೆ ಹೆಚ್ಚು ಕೇಡು ಮಾಡಿದೆ. ಕಾಯಂ ನೌಕರರ ಸಂಘವು ಪಕ್ಕದಲ್ಲಿಯೇ ಅರ್ಧ ಸಂಬಳಕ್ಕೆ ದುಡಿಯುವ ಗುತ್ತಿಗೆಯವನನ್ನು ಕಂಡೂ ಕಾಣದಂತಿರುವುದೂ ಉಂಟು. 2019ರ ಅಕ್ಟೋಬರ್ 14ರಿಂದ ಎಚ್‌ಎಎಲ್ ನೌಕರರು ವೇತನ ಪರಿಷ್ಕರಣೆಗಾಗಿ ಮುಷ್ಕರ ಹೂಡಿ, ಉಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ ಅದೇ ತಿಂಗಳಲ್ಲಿ ಹಿಂದಕ್ಕೆ ಬಂದರು. ಅಂಥ ಬಲವಾದ ಸಂಘಪರಂಪರೆಯುಳ್ಳ ಸಂಸ್ಥೆಯ ಕಾರ್ಖಾನೆಯು ಈಗ ಗುಬ್ಬಿಯಲ್ಲಿದೆ. ಆ ಸಂಘದವರು ಗೇಟಿನ ಹೊರಗಿನ ಹಳ್ಳಿಗಳಿಂದ ಗುತ್ತಿಗೆಯ ಮೇಲೆ ಬರುವವರ ಮಾತಿಗೂ ದನಿಯಾಗುವರೇ ಎಂಬುದನ್ನು ನಾವು ನೋಡುತ್ತಿರುತ್ತೇವೆ.

ಪತ್ರಿಕೋದ್ಯಮವೂ ಬೀಗಬೇಕಾದುದಿಲ್ಲ. ಮಜೀಠಿಯಾ ವೇತನ ಮಂಡಲಿಯ ಶಿಫಾರಸು 2011ರ ನವೆಂಬರಿನಲ್ಲಿ ಪ್ರಕಟವಾಯಿತು. 2014ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕಾರ್ಮಿಕರ ಹಕ್ಕಿನ ಮೇಲೆ ಅಗ್ರಲೇಖನ ಬರೆಯುವ ಎಷ್ಟು ಪತ್ರಿಕೆಗಳು ಅದನ್ನು ಪೂರ್ತಿ ಜಾರಿಗೆ ತಂದುವೆಂದು ಯಾರಾದರೂ ಕೇಳಿದರೆ ನಮ್ಮ ವೃತ್ತಿಬಾಂಧವರಲ್ಲಿ ಬಹಳ ಮಂದಿಗೆ ಕೆಮ್ಮು ಬರುತ್ತದೆ.

ಜಿಲ್ಲೆಯ ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಸಣ್ಣದು. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿ ಸಂಸ್ಥೆಯಲ್ಲಿಯೂ ಕುಂದುಕೊರತೆ ಸಮಿತಿಯಿರಬೇಕು; ಯಜಮಾನರ ಕಡೆಯವರೂ ಕೆಲಸಗಾರರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು; ಹೆಂಗಸರಿಗೆ ತಕ್ಕ ಪಾಲಿರಬೇಕು; ದೂರು ಮೂವತ್ತು ದಿನಗಳಲ್ಲಿ ತೀರಬೇಕು. ಇದು ಸಂಹಿತೆಯ ಮಾತು. ಹೊಸದೂ ಅಲ್ಲ, 2010ರ ತಿದ್ದುಪಡಿಯಲ್ಲಿಯೇ ಇಂಥ ಸಮಿತಿಯ ವಿಧಿಯಿತ್ತು, ಕಾರ್ಯಸಮಿತಿಯಂತೂ ನಾವು ಹೇಳಿದಂತೆ 1947ರದು. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ, ಅಂಚೇಪಾಳ್ಯಗಳ ಎಷ್ಟು ಕಾರ್ಖಾನೆಗಳಲ್ಲಿ ಈ ಸಮಿತಿಗಳಿವೆ, ಅವುಗಳ ಸದಸ್ಯರನ್ನು ಕೆಲಸಗಾರರೇ ಆರಿಸಿದರೋ ಯಜಮಾನರು ಹೆಸರಿಸಿದರೋ, ಕಳೆದ ವರ್ಷ ಎಷ್ಟು ಸಲ ಕೂತರು, ಇಷ್ಟನ್ನು ಒಂದು ಪಟ್ಟಿಯಾಗಿ ಪ್ರಕಟಿಸಲಿ. ಅದನ್ನು ಒಂದು ಕಾಸೂ ಕೇಳದೆ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ. ಗೇಟಿನ ಬಳಿ ಅಂಟಿಸುವ ನಿಯಮಗಳು ಕನ್ನಡದಲ್ಲಿರಲಿ. ಒಡಿಶಾ, ಬಿಹಾರಗಳಿಂದ ಬಂದ ಹುಡುಗರಿರುವಲ್ಲಿ ಅವರು ಓದಬಲ್ಲ ಭಾಷೆಯಲ್ಲಿಯೂ ಇರಲಿ.

ನಮ್ಮ ಕಚೇರಿಯಲ್ಲಿ ಹತ್ತೊಂಬತ್ತು ಮಂದಿಯಿದ್ದೇವೆ. ಇಪ್ಪತ್ತನೆಯವನನ್ನು ತೆಗೆದುಕೊಳ್ಳದಿದ್ದರೆ ಸಮಿತಿಯ ಕಾಟವಿಲ್ಲವೆಂದು ಲೆಕ್ಕ ಬರೆಯುವ ಗುಮಾಸ್ತರು ನಮಗೆ ಹಿತವಾಗಿ ಸೂಚಿಸಿದರು. ಆದಾಗ್ಯೂ ಸಮಿತಿಯನ್ನು ಮಾಡಿದೆವು. ಮೊದಲ ಸಭೆಯಲ್ಲಿ ಹಳೆಯ ಅರ್ಜಿಯನ್ನು ಮೇಜಿನ ಖಾನೆಯಿಂದ ತೆಗೆದು ಓದಲಾಯಿತು. ಸಂಬಳದ ತಾರೀಖು ಏಳಕ್ಕೆ ನಿಂತಿದೆ. ಯಂತ್ರದ ಕೋಣೆಗೆ ಎರಡು ಫ್ಯಾನು ಬಂದಿವೆ. ವಿಶೇಷಾಂಕದ ರಾತ್ರಿಗಳ ಲೆಕ್ಕದ ವಿಚಾರದಲ್ಲಿ ನಮಗೂ ಅವರಿಗೂ ಇನ್ನೂ ಒಮ್ಮತವಾಗಿಲ್ಲ. ಮುಂದಿನ ಸೋಮವಾರ ಮತ್ತೆ ಕೂರುತ್ತೇವೆ.